ಕಾಲು ಕಳೆದುಕೊಂಡವರು, ಕಾಯಿಲೆಯಿಂದ ಎದ್ದು ಬಂದವರ ಜೊತೆ ಸಹಾಯಾರ್ಥ ಚಾರಣಕ್ಕೆ ಹೋಗಬಹುದಾ?

ಕೃತಕ ಕಾಲಿಗೆ ಹಣ ಕೂಡಿಸಲು ಚಿಂಚೋಳಿ ಕಾಡಿನಲ್ಲಿ ಇಡೀ ದಿನದ ಚಾರಣ ಇದೆ ಅಂತ ಬರೆದಿದ್ದೀರಿ. ಕಾಲು ಕಳೆದುಕೊಂಡವರು, ಪಾರ್ಶ್ವವಾಯು, ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರು ನಡೀತಾರೆ, ಗಟ್ಟಿಮುಟ್ಟಾಗಿರುವ ನಾನು ಅವರಿಗೆ ಹೇಗೆ ನೆರವಾಗಲಿ, ಅವರನ್ನು ಹೀಗೆ ದಣಿಸೋದು ಸರಿನಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯವನು, ಅಂಥದ್ದೇ ನಡಿಗೆಗೆ ಹೋಗಿ ಬಂದಿದ್ದೇನೆ. ಖಂಡಿತ ಹೋಗಿ. ಒಂದು ಮಾತು ಮಾತ್ರ ನೆನಪಿರಲಿ: ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ಅವರೇ ಹೇಳಬೇಕು. ಅವರು ನಿಂತಾಗ ನಾವು ಅವಸರ ಮಾಡದಿದ್ದರೆ ಅರ್ಧ ನೆರವು ಅಲ್ಲೇ ಆಯಿತು.

ಯಾಕೆ ಅಂತ ಹೇಳ್ತೀನಿ. ನನ್ನ ತಂಡದಲ್ಲಿ ಶಹಾಬಾದ್ ಕಡೆಯ ಕಲ್ಲಿನ ಗಣಿಯಲ್ಲಿ ದುಡಿದ ಒಬ್ಬ ಕಾಕಾ ಇದ್ದರು. ಗಣಿಯಲ್ಲೇ ಅಪಘಾತವಾಗಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಡ್ಯಾಮ್ ಬಿಟ್ಟು ಏರು ಶುರುವಾದಾಗ ನನಗಿಂತ ಮುಂದಿದ್ದರು. ಆದರೆ ಗಂಟೆಗೊಮ್ಮೆ ಒಂದು ಒಳ್ಳೇ ಬಂಡೆ ನೋಡಿ ಕೂರೋರು. ಕೃತಕ ಕಾಲು ಬಿಚ್ಚಿ ಪಕ್ಕಕ್ಕೆ ಇಟ್ಟು, ಒಳಗಿನ ಕಾಲುಚೀಲ ತೆಗೆದು ಹಿಂಡೋರು. ಬೆವರು ತೊಟ್ಟಿಕ್ಕುತ್ತಿತ್ತು. ಟವೆಲಿನಿಂದ ಕಾಲಿನ ತುದಿ ಒರೆಸಿ, ಎಲ್ಲಾದರೂ ಕೆಂಪಾಗಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ, ಒಣಗಿದ ಚೀಲ ಹಾಕೋರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಇನ್ನೊಂದು ಚೀಲ. ನಡೆದಂತೆಲ್ಲ ಉಳಿದ ಕಾಲಿನ ಭಾಗ ಸ್ವಲ್ಪ ಸಣ್ಣಗಾಗುತ್ತದೆ, ಬೆಳಿಗ್ಗೆ ಬಿಗಿಯಾಗಿದ್ದ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಬಟ್ಟಲು, ಮಧ್ಯಾಹ್ನಕ್ಕೆ ಸಡಿಲ ಆಗುತ್ತದೆ. ಸಡಿಲ ಆದರೆ ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ಆ ಗಾಯ ಮಾಯುವ ತನಕ ಕಾಲು ಹಾಕುವಂತಿಲ್ಲ, ದುಡಿಮೆಗೂ ಹೋಗುವಂತಿಲ್ಲ. ಹಿಂದಿನಿಂದ ಯಾರೋ 'ಹೊರಡೋಣ್ರಿ, ಬಿಸಿಲೇರ್ತದ' ಅಂದರು ಅಂತ ಅರ್ಧಕ್ಕೇ ಎದ್ದರೆ ಅದರ ಬೆಲೆ ಕೊಡುವವರು ಅವರು, ಆ ಮಾತು ಆಡಿದವರಲ್ಲ.

ಇಳಿಜಾರಿನಲ್ಲಿ ಕೈ ಕೊಡಲಾ ಅಂತ ಕೇಳಿದೆ. 'ಕೈ ಬ್ಯಾಡ ತಮ್ಮಾ. ನೀ ಒಂದ್ ಹೆಜ್ಜಿ ಮುಂದ ನಡಿ, ಯಾವ ಕಲ್ಲು ಅಳ್ಳಾಡ್ತದ ಹೇಳು, ಸಾಕು' ಅಂದರು. ಕೃತಕ ಪಾದಕ್ಕೆ ನೆಲ ಗೊತ್ತಾಗೋದಿಲ್ಲ ಅಲ್ವಾ. ಕೈ ಹಿಡಿದು ಎಳೆದರೆ ಇರೋ ಸಮತೋಲನವೂ ತಪ್ಪುತ್ತದೆ. ಇಡೀ ಇಳಿಜಾರು ನಾನು ಕಲ್ಲು ಹೇಳುತ್ತಾ ಹೋದೆ. ಅದಕ್ಕಿಂತ ಉಪಯೋಗದ ಕೆಲಸ ಆ ದಿನ ನಾನು ಬೇರೆ ಮಾಡಲಿಲ್ಲ.

ಎಲ್ಲರ ಅಗತ್ಯವೂ ಒಂದೇ ಅಲ್ಲ. ಪಾರ್ಶ್ವವಾಯು ಆದವರಿಗೆ ಸುಸ್ತಾದಂತೆ ಪಾದದ ಮುಂಭಾಗ ಜೋತು ಬೀಳಬಹುದು, ಸಣ್ಣ ಬೇರಿಗೂ ಎಡವುತ್ತಾರೆ. ಹೃದಯದ ಕೆಲವು ಮಾತ್ರೆ ತಗೊಳ್ಳೋರ ನಾಡಿ ಎಷ್ಟು ದಣಿದರೂ ಜಾಸ್ತಿ ಏರೋದಿಲ್ಲ. ಹಾಗಾಗಿ ನಾಡಿ ತೋರಿಸೋ ವಾಚ್ ನೋಡಬೇಡಿ, ಮಾತಾಡಿಸಿ. ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲದಿದ್ದರೆ ನಿಲ್ಲಬೇಕು. ಸುಟ್ಟು ಚರ್ಮ ಕಸಿ ಮಾಡಿಸಿಕೊಂಡವರ ಆ ಭಾಗ ಸರಿಯಾಗಿ ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ಅವರಿಗೆ ನೆರಳು, ಒದ್ದೆ ಬಟ್ಟೆ ಬೇಕೇ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಮಾರ್ಚ್ ನಂತರ ಇಟ್ಟಿದ್ದರೆ ದಿನ ಬದಲಿಸಿ ಅಂತ ಆಯೋಜಕರಿಗೆ ಹೇಳಿ. ತೊಗರಿ ಕಟಾವಿನ ಡಿಸೆಂಬರ್, ಜನವರಿ ಒಳ್ಳೇದು. ಆಗಲೂ ಸೂರ್ಯ ಹುಟ್ಟೋ ಮೊದಲೇ ಹೊರಡಿ. ಚಿಂಚೋಳಿ ಕಾಡು ವನ್ಯಜೀವಿ ಧಾಮ, ಅರಣ್ಯ ಇಲಾಖೆ ಅನುಮತಿ ತಗೊಂಡಿದ್ದಾರಾ ಅಂತಲೂ ಕೇಳಿ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಸಾಕು, ನೀರು ಮಾತ್ರ ಎರಡು ಪಟ್ಟು ಇರಲಿ.

ದಣಿಸೋದು ಸರಿನಾ ಅಂದಿರಿ. 1980ರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಓಡಿದರು. ಮೂಳೆ ಕ್ಯಾನ್ಸರ್‌ನಿಂದ ಅವರ ಬಲಗಾಲು ಹೋಗಿತ್ತು. ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ ಮೇಲೆಯೇ ನಿಂತರು. ಅವರನ್ನು ಯಾರೂ ಓಡಿಸಲಿಲ್ಲ, ಓಡಬೇಕು ಅಂತ ಹೊರಟವರು ಅವರೇ. ನಿಮ್ಮ ಜೊತೆ ಬರುವವರೂ ತಾವೇ ಹೆಸರು ಕೊಟ್ಟವರು. ಅವರು ದಣಿಯೋಕೆ ಸಿದ್ಧರಾಗಿಯೇ ಬರ್ತಾರೆ. 'ಪಾಪ' ಅನ್ನೋ ಮಾತು ಮಾತ್ರ ಬೇಡ. ಕೇಳದೆ ಫೋಟೋನೂ ತೆಗೀಬೇಡಿ. ಕಾಲು ಬಿಚ್ಚಿ ಕೂತಾಗಂತೂ ಮೊಬೈಲ್ ಜೇಬಲ್ಲೇ ಇರಲಿ.

ಆಕ್ಸ್‌ಫ್ಯಾಮ್ ಟ್ರೈಲ್‌ವಾಕರ್ ಅಂತ ಒಂದು ಸಹಾಯಾರ್ಥ ನಡಿಗೆ ಇದೆ, 48 ಗಂಟೆಯಲ್ಲಿ 100 ಕಿ.ಮೀ. ಅಲ್ಲಿ ನಾಲ್ಕು ಜನರ ತಂಡ ಒಟ್ಟಿಗೇ ನಡೆಯಬೇಕು. ಈ ಪದ್ಧತಿಯನ್ನು ನಿಮ್ಮವರಿಗೂ ಹೇಳಿ. ಸಣ್ಣ ತಂಡ ಮಾಡದೆ ಎಲ್ಲರೂ ಒಂದೇ ದೊಡ್ಡ ಗುಂಪಾಗಿ ಹೊರಟರೆ ಗಟ್ಟಿಗರು ಮುಂದೆ, ಉಳಿದವರು ಹಿಂದೆ, ಊಟದ ಹೊತ್ತಿಗೆ ಎರಡು ಬೇರೆ ಬೇರೆ ಚಾರಣ ಆಗಿರುತ್ತದೆ.

ಇನ್ನು ಹಣ. ಕೃತಕ ಕಾಲು ಒಮ್ಮೆ ಕೊಟ್ಟರೆ ಮುಗಿಯೋದಿಲ್ಲ. ಸವೆಯುತ್ತದೆ, ಸಾಕೆಟ್ ಮತ್ತೆ ಅಳತೆಗೆ ಮಾಡಿಸಬೇಕು, ಬೆಳೆಯುವ ಮಕ್ಕಳಿಗಂತೂ ಪದೇ ಪದೇ ಬದಲಿಸಬೇಕು. ಯಾದಗಿರಿಯ ಹಳ್ಳಿಯಿಂದ ಅಳತೆ ಕೊಡೋಕೆ ಬರುವವನಿಗೆ ಬಸ್ ಚಾರ್ಜು, ಆ ದಿನದ ಕೂಲಿ ಎರಡೂ ಹೋಗುತ್ತವೆ. ಕೂಡಿದ ಹಣದಲ್ಲಿ ರಿಪೇರಿಗೆ, ಓಡಾಟಕ್ಕೆ ಎಷ್ಟು ತೆಗೆದಿಡ್ತೀರಿ ಅಂತ ಹೆಸರು ಕೊಡುವಾಗಲೇ ಕೇಳಿ. ಸರಿಯಾದ ಉತ್ತರ ಬಂದರೆ ನಿಮ್ಮ ನೆಂಟರಿಷ್ಟರ ಹತ್ತಿರವೂ ಧೈರ್ಯವಾಗಿ ಹಣ ಕೇಳಬಹುದು.