ಗಣಿತ ಅಂದ್ರೆ ಓಡಿಹೋಗುವ ಮಕ್ಕಳಿಗೆ ಆಸಕ್ತಿ ಹುಟ್ಟಿಸೋದು ಹೇಗೆ?

ನಿಮ್ಮ ಮಗ ಎಂಟನೇ ಕ್ಲಾಸಿಗೆ ಬಂದ ಮೇಲೆ ಗಣಿತದ ಪುಸ್ತಕ ಕಂಡ್ರೆ ಮುಖ ತಿರುಗಿಸ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಚಾರ್ಟು, ವಿಡಿಯೋ ಎಲ್ಲ ಮಾಡಿ ನೋಡಿದ್ದೇನೆ. ಎರಡು ದಿನ ಚೆಂದ, ಅಷ್ಟೇ. ಮನೆಯಲ್ಲಿ ದೊಡ್ಡವರು ದಿನಾ ತಲೆ ಕೆಡಿಸಿಕೊಳ್ಳುವ ಲೆಕ್ಕ ಯಾವುದು ಅಂತ ಹುಡುಕಿ. ಅಲ್ಲಿಂದ ಶುರು ಮಾಡಿ.

ನಮ್ಮ ಕಡೆ ಅದು ತುಂಗಭದ್ರಾ ಡ್ಯಾಮಿನ ನೀರು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಊರ ತುಂಬ ಟಿಎಂಸಿ, ಕ್ಯೂಸೆಕ್ಕಿನದೇ ಮಾತು. ಘಾತಾಂಕದ ಪಾಠಕ್ಕೆ ಅದನ್ನೇ ತಗೊಂಡೆ. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ ಎಷ್ಟು ಟಿಎಂಸಿ? ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. 8.64 ಅಂತ ಬಂದಾಗ ಹಿಂದಿನ ಬೆಂಚಿನವರೂ ಎದ್ದು ನಿಂತರು. ಸೊನ್ನೆ ಎಣಿಸಿ ಸುಸ್ತಾದ ಮೇಲೆ, 10ರ ಘಾತ ಯಾಕೆ ಬೇಕು ಅಂತ ನಾನು ಹೇಳಬೇಕಾಗಲಿಲ್ಲ.

ಆಮೇಲೆ ಮೊಣಕಾಲೂ ಮುಳುಗದ ಹೊಲಗಾಲುವೆಗೆ ಕರ್ಕೊಂಡು ಹೋದೆ. ದಾರ, ಟೇಪು, ಒಂದು ವಾಚು, ಒಂದು ಬೇವಿನ ಕಡ್ಡಿ. ಅಗಲ 3 ಅಡಿ, ಆಳ 1 ಅಡಿ. ಕಡ್ಡಿ 30 ಅಡಿ ದಾಟಲು 20 ಸೆಕೆಂಡು. ಅಂದ್ರೆ ಸೆಕೆಂಡಿಗೆ ಒಂದೂವರೆ ಅಡಿ, ಒಟ್ಟು 4.5 ಕ್ಯೂಸೆಕ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತೆ, ಹಾಗಾಗಿ ನಿಜವಾದ ಲೆಕ್ಕ ಸ್ವಲ್ಪ ಕಡಿಮೆ. ಅದನ್ನೂ ಮಕ್ಕಳಿಗೆ ಹೇಳಬೇಕು, ಮುಚ್ಚಿಡಬಾರದು. ಸೂತ್ರ ಬರೆದದ್ದು ಇಷ್ಟೆಲ್ಲ ಆದ ಮೇಲೆ.

ಭಿನ್ನರಾಶಿ ಬಂದ್ರೆ ಸುಮ್ನೆ ತಲೆ ತಗ್ಗಿಸಿ ಕೂರುತ್ತಿದ್ದ ಒಬ್ಬಳು ಹುಡುಗಿ ಆವತ್ತು, "ಸರ್ರ, ನಮ್ಮ ಗದ್ದಿ ಕಾಲುವಿ ತುದಿಗೈತ್ರಿ, ನಾನೂ ಅಳೀಲೇನ್ರಿ?" ಅಂದಳು. ಅಪ್ಪನ ಜೊತೆ ಹೋಗಿ ಅಳೆದಳು. ಅಗಲ 2 ಅಡಿ, ಆಳ 3 ಇಂಚು, ಅದೇ 30 ಅಡಿ ದಾಟಲು ಕಡ್ಡಿಗೆ ಹಿಡಿದದ್ದು 60 ಸೆಕೆಂಡು. ಮೂರು ಇಂಚು ಅಂದ್ರೆ ಕಾಲು ಅಡಿ ಅಂತ ತಾನೇ ಕಂಡುಕೊಂಡು, ಕಾಲು ಕ್ಯೂಸೆಕ್ ಅಂತ ಬರೆದು ತಂದಳು. ಪುಸ್ತಕ ನನ್ನ ಮುಂದಿಟ್ಟು ಕೇಳಿದಳು: "ಉಳಿದ ನೀರು ಎಲ್ಲಿ ಹೋತ್ರಿ ಸರ್ರ?" ಆ ವಾರ ಪೂರ್ತಿ ನಾವು ಕಾಲುವೆಯ ದಂಡೆ ಮೇಲೇ ಇದ್ದೆವು.