ಬಟ್ಟೆಯಂತೆ ಕಾಣುವ ಚೀಲ ಬಟ್ಟೆಯೇನಾ?

ಪ್ರಶ್ನೆ: ಸರ್, ಬರುವ ಚೌತಿಗೆ ಉಡುಪಿಯ ಕಲ್ಸಂಕದ ಹತ್ತಿರ ಪುಟ್ಟ ಅಂಗಡಿ ಶುರು ಮಾಡುತ್ತಿದ್ದೇನೆ. ಗಾಣದ ತೆಂಗಿನೆಣ್ಣೆ, ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾರುವ ಯೋಚನೆ. ಪ್ರಚಾರಕ್ಕೆಂದು ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ: ಎರಡು ಫ್ಲೆಕ್ಸ್, 500 ‘ಇಕೋ ಫ್ರೆಂಡ್ಲಿ’ ಚೀಲ, ಲ್ಯಾಮಿನೇಷನ್ ಮಾಡಿದ ವಿಸಿಟಿಂಗ್ ಕಾರ್ಡ್. ಬೀಜದ ಕಾಗದದ ಕಾರ್ಡ್ ಕೂಡ ಇದೆಯಂತೆ. ಪರಿಸರಕ್ಕೆ ತೊಂದರೆ ಆಗದಂತೆ ಏನು ಮಾಡಿಸಲಿ?
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಮೊದಲು ಆ ಚೀಲದ ಒಂದು ಸ್ಯಾಂಪಲ್ ತರಿಸಿಕೊಳ್ಳಿ. ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕು ಎಳೆ ಕಾಣುತ್ತದಾ, ಅಥವಾ ಸಣ್ಣ ಸಣ್ಣ ಚುಕ್ಕಿ ಒತ್ತಿದ ಹಾಗೆ ಇದೆಯಾ? ಚುಕ್ಕಿ ಇದ್ದರೆ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ನಾನ್ ವೋವನ್ (ನೇಯದೆ, ಎಳೆಗಳನ್ನು ಒತ್ತಿ ಅಂಟಿಸಿದ್ದು) ಆದರೆ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ಇದನ್ನು ನಾನು ಕಲಿತದ್ದು ಏಟು ತಿಂದು. ಮಂಗಳೂರಿನಲ್ಲಿ 26 ವರ್ಷ ಪ್ರೆಸ್ ನಡೆಸಿದವನು ನಾನು. ಒಂದು ಮದುವೆಗೆ ಸಾವಿರ ಚೀಲ ಮಾಡಿಸಿ ಕೊಟ್ಟಿದ್ದೆ. ‘ಬಟ್ಟೆಯದ್ದೇ’ ಅಂತ ತಂದುಕೊಟ್ಟವರು ಹೇಳಿದ್ದನ್ನು ನಂಬಿದ್ದೆ. ಎರಡು ಮಳೆಗಾಲ ಕಳೆಯುವುದರೊಳಗೆ, ಅವುಗಳಲ್ಲಿ ನಮ್ಮಲ್ಲಿ ಉಳಿದವು ಮನೆಯ ಅಟ್ಟದಲ್ಲೇ ಪುಡಿಪುಡಿಯಾಗಿ ಉದುರುತ್ತಿದ್ದವು. ಗುಡಿಸಿದರೂ ಹೋಗದ ಪುಡಿ. ಆ ಮದುವೆ ಮನೆಯವರ ಮುಖ ನೋಡಲು ನನಗೆ ಇವತ್ತಿಗೂ ಕಷ್ಟ.

ಫ್ಲೆಕ್ಸ್ ಬೇಡವೇ ಬೇಡ. ನಮ್ಮ ರಾಜ್ಯದಲ್ಲಿ ಅದಕ್ಕೆ 2016ರಿಂದಲೇ ನಿಷೇಧ ಇದೆ. ಪಾಲಿಯೆಸ್ಟರ್ ನೂಲಿನ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ ಬಳಿದದ್ದು ಅದು. ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಪಕ್ಕದ ಮಂದಾರ ಎಂಬಲ್ಲಿಯ ಮನೆ, ತೋಟಗಳ ಮೇಲೆ ಬಂತಲ್ಲ, ಆಗ ನಾನು ಹೋಗಿ ನೋಡಿದ್ದೆ. ಅಡಿಕೆ ಮರದ ಬುಡದಲ್ಲಿ ಕಸದ ನಡುವೆ ಒಂದು ಫ್ಲೆಕ್ಸ್ ತುಂಡು. ‘ಶುಭಾರಂಭ’ ಎಂಬ ಅಕ್ಷರ ಸ್ವಲ್ಪವೂ ಮಾಸಿರಲಿಲ್ಲ. ನಾನೂ ಅಂಥದ್ದನ್ನು ಎಷ್ಟೋ ಪ್ರಿಂಟ್ ಮಾಡಿಸಿ ಕೊಟ್ಟವನು. ಆ ತಿಂಗಳೇ ಫ್ಲೆಕ್ಸ್ ಆರ್ಡರ್ ನಿಲ್ಲಿಸಿದೆ.

ನಿಮಗೆ ಬೇಕಾದ್ದು ಒಂದು ಒಳ್ಳೆಯ ಬೋರ್ಡು. ತಗಡಿನ ಮೇಲೆ ಎನಾಮೆಲ್ ಪೇಂಟಿನಲ್ಲಿ ಕೈಯಿಂದ ಬರೆಸಿ. ಪೇಂಟ್ ಕೂಡ ರಾಸಾಯನಿಕವೇ, ಸುಳ್ಳು ಹೇಳುವುದಿಲ್ಲ. ಆದರೆ ಒಮ್ಮೆ ಬರೆಸಿದರೆ ನಮ್ಮ ಮಳೆಗೂ ವರ್ಷಗಟ್ಟಲೆ ತಡೆಯುತ್ತದೆ, ಮಾಸಿದರೆ ಅದೇ ತಗಡಿನ ಮೇಲೆ ಮತ್ತೆ ಬರೆಸಬಹುದು. ಚೌತಿ ಹೊತ್ತಿಗೆ ಮಳೆ ಬಿಟ್ಟಿರುವುದಿಲ್ಲ, ಅಲ್ವಾ? ಹಾಗಾಗಿ ಬಟ್ಟೆ ಬ್ಯಾನರ್ ಒಂದೇ ಸಾಕು, ಅದನ್ನೂ ಮಾಡಿನ ಕೆಳಗೇ ಕಟ್ಟಿ. ತಾರೀಕು ಹಾಕಿಸಬೇಡಿ. ಹಾಕಿಸದಿದ್ದರೆ ದೀಪಾವಳಿಗೂ ಅದೇ ಆಗುತ್ತದೆ.

ಬೀಜದ ಕಾಗದ, ಅಂದರೆ ಒಳಗೆ ಗಿಡದ ಬೀಜ ಸೇರಿಸಿ ಮಾಡಿದ ಕಾಗದ, ಚಂದ, ಒಪ್ಪುತ್ತೇನೆ. ಆದರೆ ಕಾರ್ಡನ್ನು ಮಣ್ಣಿಗೆ ಹಾಕಿ ನೀರು ಎರೆಯುವವರು ಎಷ್ಟು ಮಂದಿ? ಹೆಚ್ಚಿನವು ಪರ್ಸಿನಲ್ಲೇ ಉಳಿಯುತ್ತವೆ. ನಿಮ್ಮ ಬಜೆಟ್ಟಿಗೆ ಅದು ಸುಮ್ನೆ ಖರ್ಚು. ಲ್ಯಾಮಿನೇಷನ್ ಇಲ್ಲದ ದಪ್ಪ ಕಾಗದದ ಕಾರ್ಡ್ ನೂರು ಮಾಡಿಸಿ. ಅನುಮಾನ ಬಂದರೆ ಒಂದನ್ನು ಹರಿದು ನೋಡಿ: ಅಂಚಿನಲ್ಲಿ ತೆಳ್ಳಗೆ ಪೊರೆ ಎಳೆದುಕೊಂಡು ಬಂದರೆ ಪ್ಲಾಸ್ಟಿಕ್ ಅಂಟಿಸಿದ್ದಾರೆ ಎಂದರ್ಥ. ಅಂಥ ಕಾರ್ಡು ರದ್ದಿಗೂ ಸರಿಯಾಗಿ ಹೋಗುವುದಿಲ್ಲ. ಊರಿನವರಿಗೆ ತಿಳಿಸಲು ಕರಪತ್ರ ಸಾಕು. ಯಕ್ಷಗಾನ ಮೇಳದವರು ಹಂಚುತ್ತಿದ್ದರಲ್ಲ, ಬಣ್ಣದ ತೆಳು ಕಾಗದದಲ್ಲಿ ಒಂದೇ ಶಾಯಿಯ ಕರಪತ್ರ, ಅಂಥದ್ದು.

ಚೀಲ 500 ಯಾಕೆ? ಹತ್ತಿ ಬೆಳೆಯಲು ನೀರು ಜಾಸ್ತಿ ಬೇಕು. ಒಂದು ಸಲ ಹಿಡಿದು ಮೂಲೆಗೆ ಬಿಸಾಡುವ ಬಟ್ಟೆ ಚೀಲದಿಂದ ಪರಿಸರಕ್ಕೆ ಏನೂ ಲಾಭ ಇಲ್ಲ. 100 ಮಾಡಿಸಿ, ಗಟ್ಟಿ ಹೊಲಿಗೆಯದ್ದು, ಹಿಡಿಗೆ ಎರಡು ಸುತ್ತು ಹೊಲಿಗೆ ಹಾಕಿಸಿ. ಹೆಸರು ಒಂದು ಮೂಲೆಯಲ್ಲಿ ಚಿಕ್ಕದಾಗಿರಲಿ. ದೊಡ್ಡ ಫೋನ್ ನಂಬರ್ ಇರುವ ಚೀಲವನ್ನು ಹಿಡಿದು ಯಾರೂ ಪೇಟೆಗೆ ಹೋಗುವುದಿಲ್ಲ. ಮೀನು ಮಾರ್ಕೆಟ್ಟಿಗೂ ಒಯ್ದು ತೊಳೆದು ಒಣಗಿಸುವಂತಿದ್ದರೆ ಅದು ನಾಲ್ಕೈದು ವರ್ಷ ನಿಮ್ಮ ಹೆಸರು ಹೊತ್ತು ತಿರುಗುತ್ತದೆ. ಜಾಸ್ತಿ ಸಾಮಾನು ಕೊಂಡವರಿಗೆ ಮಾತ್ರ ಕೊಡಿ. ಉಳಿದವರಿಗೆ ಹಳೆ ಪೇಪರಿನ ಚೀಲ ಆಗುತ್ತದೆ, ಆದರೆ ಬಾಟಲಿಗೆ ಮಾತ್ರ. ಹಪ್ಪಳವನ್ನು ಅದರಲ್ಲಿ ನೇರವಾಗಿ ಹಾಕಬೇಡಿ, ಅಚ್ಚಿನ ಶಾಯಿ ತಿನ್ನುವ ವಸ್ತುವಿಗೆ ತಾಗಬಾರದು.

ಉಳಿದ ದುಡ್ಡಿನಲ್ಲಿ ಒಂದು ಕೆಲಸ ಮಾಡಿ. ಶುರುವಿನ ಒಂದು ವಾರ ಬಾಗಿಲಲ್ಲೇ ಹಪ್ಪಳ ಕಾಯಿಸಿ, ಬಾಳೆ ಎಲೆ ತುಂಡಿನಲ್ಲಿ ಬಂದವರ ಕೈಗೆ ಕೊಡಿ. ಎಲೆ ದನಕ್ಕಾಯಿತು. ನಿಮ್ಮದೇ ತೆಂಗಿನೆಣ್ಣೆಯಲ್ಲಿ ಕಾಯುವ ಹಲಸಿನ ಹಪ್ಪಳದ ಪರಿಮಳ ರಸ್ತೆಯ ಆಚೆ ಬದಿಗೂ ಹೋಗುತ್ತದೆ. ಎಣ್ಣೆಗೆ ಮನೆಯ ಬಾಟಲಿ ತಂದವರಿಗೆ ಐದು ರೂಪಾಯಿ ಕಡಿಮೆ ಎಂದು ಬೋರ್ಡಿನಲ್ಲೇ ಬರೆಸಿ.

ಬೋರ್ಡ್ ಬರೆಯುವವರಿಗೆ ಮ್ಯಾಟರ್ ಕೊಡುವಾಗ ಫೋನ್ ನಂಬರನ್ನು ಅಂಕಿ ಅಂಕಿಯಾಗಿ ಎರಡು ಸಲ ಓದಿ ಹೇಳಿ. ಚೌತಿಗೆ ಮೊದಲು ಅವರಿಗೆ ಕೆಲಸ ತುಂಬಾ ಇರುತ್ತದೆ, ಈ ವಾರವೇ ಹೋಗಿ ಹೇಳಿಬಿಡಿ.