ಎದೆ ಮೇಲೆ ಬೀಳೋ ಆ ಕೆಂಪು ಬೆಳಕು ಕರೆಂಟ್ ಅಲ್ಲ

ಪ್ರಶ್ನೆ: ನಮಸ್ತೆ ಮೇಡಂ, ನಮ್ಮಮ್ಮನಿಗೆ 54 ವರ್ಷ. ಎಡಗಡೆ ಸ್ತನದ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋನೂ ಮುಗೀತು, ಈಗ 15 ದಿನ ಕರೆಂಟ್, ಅಂದ್ರೆ ರೇಡಿಯೇಷನ್ ಚಿಕಿತ್ಸೆ, ಕೊಡ್ತೀವಿ ಅಂದಿದಾರೆ. ಮೊದಲ್ನೇ ದಿನ ಹೋದಾಗ ಸೀಲಿಂಗಿಂದ ಕೆಂಪು ಬೆಳಕು ಎದೆ ಮೇಲೆಲ್ಲ ಬಿತ್ತಂತೆ, ಅದೇ ಕರೆಂಟು ಅಂದ್ಕೊಂಡು ಹೆದರಿ ಹಿಡಿದ ಉಸಿರು ಬಿಟ್ಬಿಟ್ರಂತೆ. ಮೇಲೆ ಮೂರು ಕ್ಯಾಮೆರಾ ಬೇರೆ ಇದೆಯಂತೆ, ರವಿಕೆ ಇಲ್ದೆ ಮಲಗಿರೋದನ್ನ ಯಾರ್ಯಾರು ನೋಡ್ತಾರೋ ಅಂತ ರಾತ್ರಿಯೆಲ್ಲ ಅದೇ ಚಿಂತೆ. ತಾಳಿ ತೆಗೀರಿ ಅಂದಿದ್ದು ಇನ್ನೊಂದು ರಂಪ. ಪಕ್ಕದ ಮನೆ ಆಂಟಿಗೆ ಹಿಂದೆ ಹಚ್ಚೆ ಥರ ಚುಕ್ಕಿ ಹಾಕಿದ್ರು, ಅಮ್ಮಂಗೆ ಅದೂ ಹಾಕಿಲ್ಲ. ಏನಾದ್ರೂ ಮರೆತುಬಿಟ್ರಾ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಮರೆತಿಲ್ಲ. ಆ ಬೆಳಕು ಬರೀ ಬೆಳಕು, ಟಾರ್ಚ್ ಬಿಟ್ಟ ಹಾಗೆ, ಅದ್ರಲ್ಲಿ ರೇಡಿಯೇಷನ್ ಒಂಚೂರೂ ಇಲ್ಲ. ಕರೆಂಟು ಬಂದಾಗ ಕಣ್ಣಿಗೆ ಏನೂ ಕಾಣಲ್ಲ, ಮಷಿನ್ ಗುಂಯ್ ಅನ್ನುತ್ತೆ ಅಷ್ಟೆ. ಇದನ್ನ ಅಮ್ಮನಿಗೆ ಇವತ್ತೇ ಹೇಳಿ.

ಒಂದು ಕಣ್ಣು ಮುಚ್ಕೊಂಡು ಲೋಟಕ್ಕೆ ಕಾಫಿ ಬಗ್ಗಿಸಿ ನೋಡಿ, ಹೊರಗೆ ಚೆಲ್ಲುತ್ತೆ, ಯಾಕಂದ್ರೆ ದೂರ ಗೊತ್ತಾಗೋಕೆ ಎರಡು ಕಣ್ಣು ಬೇಕು. ಸೀಲಿಂಗ್ ಕ್ಯಾಮೆರಾಗಳೂ ಹಾಗೇ, ಬೇರೆ ಬೇರೆ ಮೂಲೆಯಿಂದ ಒಂದೇ ಜಾಗ ನೋಡಿ ಅದು ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕ್ತವೆ. ಆದ್ರೆ ಚರ್ಮ ನುಣ್ಣಗಿರುತ್ತಲ್ಲ, ಈ ಕ್ಯಾಮೆರಾ ನೋಡಿದ ಜಾಗಾನೇ ಆ ಕ್ಯಾಮೆರಾನೂ ನೋಡ್ತಿದೆ ಅಂತ ಗುರುತು ಹಿಡಿಯೋದು ಕಷ್ಟ, ಅದಕ್ಕೇ ಪ್ರೊಜೆಕ್ಟರಿಂದ ರಾಗಿ ಚೆಲ್ಲಿದ ಹಾಗೆ ಚುಕ್ಕಿಗಳನ್ನ ಮೈ ಮೇಲೆ ಬಿಡೋದು. ಹೀಗೆ ಸಿಕ್ಕ ಮೈಯ ಆಕಾರವನ್ನ ಮೊದಲು ಪ್ಲಾನಿಂಗಿಗೆ ಅಂತ ಮಾಡಿದ್ರಲ್ಲ ಸಿಟಿ ಸ್ಕ್ಯಾನ್, ಅದ್ರಲ್ಲಿರೋ ಆಕಾರದ ಜೊತೆ ಹೋಲಿಸಿ, ಎಡಕ್ಕೆ ಇಷ್ಟು, ತಲೆ ಕಡೆಗೆ ಇಷ್ಟು, ಸ್ವಲ್ಪ ವಾಲಿದಾರೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ಹಚ್ಚೆ ಚುಕ್ಕಿಗೆ ಲೇಸರ್ ಗೆರೆ ಕೂಡಿಸೋದು ಹಳೇ ಪದ್ಧತಿ, ಅದೂ ಒಳ್ಳೇದೇ, ಆದ್ರೆ ಮೂರು ಚುಕ್ಕಿ ಸರಿಯಾಗಿ ಕೂತಿದ್ರೂ ತೋಳು ಜಾರಿರಬಹುದು, ಗದ್ದ ಕೆಳಗೆ ಬಂದಿರಬಹುದು, ಚುಕ್ಕಿಗೆ ಅದು ತಿಳಿಯಲ್ಲ. ಬೆಳಕಿಗೆ ತಿಳಿಯುತ್ತೆ. ಅದಕ್ಕೇ ಕೆಲವು ಕಡೆ ಹಚ್ಚೆ ಬಿಟ್ಟೇಬಿಟ್ಟಿದಾರೆ. ಸ್ನಾನ ಮಾಡುವಾಗೆಲ್ಲ ಆ ಚುಕ್ಕಿ ನೋಡಿ ಕಾಯಿಲೆ ನೆನಪಾಗುತ್ತೆ ಅಂತ ನನ್ನ ಹತ್ರ ಅತ್ತವರಿದಾರೆ, ಹಾಗಾಗಿ ಚುಕ್ಕಿ ಹೋಗಿದ್ದಕ್ಕೆ ನನಗಂತೂ ಖುಷಿ.

ಇನ್ನು ಉಸಿರು. ಎಡಗಡೆ ಸ್ತನದ ಹಿಂದೇನೇ ಹೃದಯ ಇರೋದು. ದೀರ್ಘವಾಗಿ ಉಸಿರು ಎಳ್ಕೊಂಡ್ರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತೆ, ಆಗ ಕರೆಂಟ್ ಕೊಟ್ರೆ ಹೃದಯಕ್ಕೆ ಬೀಳೋದು ಕಮ್ಮಿ. ಇದು ಸಣ್ಣ ವಿಷಯ ಅಲ್ಲ, ಸ್ವೀಡನ್ ಮತ್ತೆ ಡೆನ್ಮಾರ್ಕಿನ 2,168 ಹೆಂಗಸರ ಮೇಲೆ ಮಾಡಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಹೃದಯಕ್ಕೆ ಬೀಳೋ ಸರಾಸರಿ ಡೋಸ್ 1 ಗ್ರೇ (ರೇಡಿಯೇಷನ್ ಅಳೆಯೋ ಮಾನ) ಹೆಚ್ಚಾದ್ರೆ ಹಾರ್ಟ್ ಅಟ್ಯಾಕಿನಂಥ ತೊಂದರೆಯ ರಿಸ್ಕ್, ಮೊದಲಿದ್ದುದರ ಮೇಲೆ 7.4% ಏರುತ್ತೆ. ಅಮ್ಮ ಉಸಿರು ಹಿಡಿದಿದ್ದು ಸರಿಯಾದ ಮಟ್ಟಕ್ಕೆ ಬಂತಾ ಅಂತ ಆ ಬೆಳಕೇ ನೋಡ್ತಾ ಇರುತ್ತೆ, ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು ಬಿಡ್ತಾರೆ, ಅದನ್ನ ದಾಟಿದ್ರೆ ಕರೆಂಟು ತಾನಾಗೇ ನಿಲ್ಲುತ್ತೆ, ಇಲ್ಲಾಂದ್ರೆ ಟೆಕ್ನಿಷಿಯನ್ ನಿಲ್ಲಿಸ್ತಾರೆ. ಹಾಗಾಗಿ ಕೆಮ್ಮು ಬಂದ್ರೆ ಕೆಮ್ಮಲಿ, ಏನೂ ಅನಾಹುತ ಆಗಲ್ಲ. ಮನೇಲಿ ಮಲಗಿಸಿ, ಎರಡೂ ಕೈ ತಲೆ ಮೇಲಿಟ್ಟು, 20 ಸೆಕೆಂಡ್ ಉಸಿರು ಹಿಡಿಯೋದು ಅಭ್ಯಾಸ ಮಾಡಿಸಿ, ಬೆನ್ನು ಎತ್ತಬಾರದು, ಎದೆ ಮಾತ್ರ ಉಬ್ಬಬೇಕು. ಅವಸರದಲ್ಲಿ ಎಲ್ಲರೂ ಬೆನ್ನನ್ನೇ ಎತ್ತೋದು!

ಕ್ಯಾಮೆರಾ ಬಗ್ಗೆ ಅಮ್ಮನಿಗೆ ಇರೋ ಮುಜುಗರ ನ್ಯಾಯವಾದದ್ದೇ. ಹೊರಗಡೆ ಟೆಕ್ನಿಷಿಯನ್ ನೋಡೋ ಸ್ಕ್ರೀನಲ್ಲಿ ಅದು ಹೆಚ್ಚಾಗಿ ಮಣ್ಣಿನ ಬೊಂಬೆ ಥರ ಒಂದು ಆಕಾರ, ಆದ್ರೆ ರೂಮಲ್ಲಿ ಬೇರೆ ಸಿಸಿಟಿವಿ ಇದ್ದೇ ಇರುತ್ತೆ, ಒಳಗಿರೋ ಪೇಷಂಟಿಗೆ ಏನಾದ್ರೂ ಆದ್ರೆ ಗೊತ್ತಾಗಬೇಕಲ್ಲ. ಆ ಸ್ಕ್ರೀನ್ ಮುಂದೆ ಯಾರ್ಯಾರು ಕೂರ್ತಾರೆ, ಏನು ಸೇವ್ ಆಗುತ್ತೆ ಅಂತ ಕೇಳಿ, ಹೆಂಗಸರು ಇರಲಿ ಅಂತಲೂ ಕೇಳಿ. ಕೇಳಿದ್ರೆ ಬೇಜಾರು ಮಾಡ್ಕೊಳ್ಳೋ ಆಸ್ಪತ್ರೆಯಾದ್ರೆ ತಪ್ಪು ಅವರದ್ದು. ರವಿಕೆ, ಸೆರಗು ಮಾತ್ರ ತೆಗೀಲೇಬೇಕು, ಬಟ್ಟೆ ಮುಚ್ಚಿದ್ರೆ ಕ್ಯಾಮೆರಾ ಬಟ್ಟೇನೇ ಚರ್ಮ ಅಂದ್ಕೊಳ್ಳುತ್ತೆ. ತಾಳಿದೂ ಅದೇ ಕಥೆ, ಎದೆ ಮೇಲೆ ದಿನಕ್ಕೊಂದು ಕಡೆ ಬೀಳುತ್ತೆ, ಬೆಳಕಿಗೂ ಅಡ್ಡ, ಕರೆಂಟಿಗೂ ಅಡ್ಡ. ನಮ್ಮಲ್ಲಿಗೆ ಬರೋ ಅಮ್ಮಂದಿರು ಬಾಗಿಲ ತನಕ ಹಾಕ್ಕೊಂಡು ಬಂದು ಮಗಳ ಅಂಗೈಗೆ ಕೊಟ್ಟು ಒಳಗೆ ಹೋಗ್ತಾರೆ, ಹೊರಗೆ ಬಂದ ತಕ್ಷಣ ಕಣ್ಣಿಗೊತ್ತಿ ಹಾಕ್ಕೊಳ್ತಾರೆ. ನೀವೂ ಜೊತೆಗೇ ಹೋಗಿ.

ಪ್ರಶ್ನೆ: ನಮ್ಮ ಅಪ್ಪಾರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಐತ್ರಿ. ಮೈಮ್ಯಾಲೆ ಬೆಳಕು ಬಿಟ್ಟು ಸರಿ ಮಲಗಿಸ್ತಾರ, ಆದ್ರೂ ದಿನಾ ಮತ್ತ ಮಷಿನ್ನಾಗ ಸ್ಕ್ಯಾನ್ ಮಾಡ್ತಾರ. ಬೆಳಕಿನಾಗ ಎಲ್ಲಾ ಗೊತ್ತಾಗೂದಾದ್ರ ಸ್ಕ್ಯಾನ್ ಯಾಕ ಬೇಕ್ರಿ?
– ಓದುಗ, ಗದಗ

ಉತ್ತರ: ಎಲ್ಲಾ ಗೊತ್ತಾಗಲ್ಲ ಅದಕ್ಕೇ. ಬೆಳಕು ನೋಡೋದು ಚರ್ಮ ಮಾತ್ರ. ಸ್ತನ ಚರ್ಮದ ಪಕ್ಕದಲ್ಲೇ ಇದೆ, ಪ್ರಾಸ್ಟೇಟ್ ಆಳದಲ್ಲಿದೆ, ಮೇಲೆ ಮೂತ್ರಚೀಲ, ಹಿಂದೆ ಗುದನಾಳ, ಅವು ತುಂಬಿದ ಹಾಗೆ ಖಾಲಿಯಾದ ಹಾಗೆ ಇದು ಆಚೀಚೆ ಸರಿಯುತ್ತೆ, ಹೊಟ್ಟೆ ಮೇಲಿಂದ ನೋಡಿದ್ರೆ ಏನೂ ಬದಲಾಗಿರಲ್ಲ. ಸ್ಕ್ಯಾನ್ ಬೇಡ ಅಂತ ಜಗಳ ಆಡ್ಬೇಡಿ. ಎಷ್ಟು ಲೋಟ ನೀರು, ಎಷ್ಟು ಹೊತ್ತಿಗೆ ಮುಂಚೆ ಅಂತ ಹೇಳಿದಾರಲ್ಲ, ದಿನಾ ಅಷ್ಟೇ ಕುಡಿಸಿ. ಬಸ್ಸಲ್ಲಿ ತಡೀಲಾರದೆ ಹೋಗಿಬಂದಿದ್ರೆ ಟೇಬಲ್ ಹತ್ತೋಕೆ ಮುಂಚೆ ನಾಚಿಕೆ ಬಿಟ್ಟು ಹೇಳಲಿ, ಮತ್ತೆ ನೀರು ಕುಡಿಸಿ ಸ್ವಲ್ಪ ಹೊತ್ತು ಹೊರಗೆ ಕೂರಿಸ್ತಾರೆ ಅಷ್ಟೆ.